ಪಿಎಚ್‌ಪಿ.ಇಬಿ ವೆಕ್ಟರ್: ಎರಡು ವರ್ಷ ಬಳಸಿದ ಮೇಲೆ

ವಿಮರ್ಶೆಗೆ ಇಟ್ಟುಕೊಂಡಿರುವ ವಸ್ತು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಹೆಬ್ಬೆರಳಿನ ತುದಿಯಷ್ಟು ಪ್ಲಾಸ್ಟಿಕ್ ಟ್ಯೂಬ್, ಅದರ ತಳದಲ್ಲಿ ನೂರು ಮೈಕ್ರೋಲೀಟರ್ ದ್ರವ. ಎರಡು ಹನಿ ಅಂದುಕೊಳ್ಳಿ. ಬಣ್ಣ ಇಲ್ಲ, ವಾಸನೆ ಇಲ್ಲ. ಆ ಎರಡು ಹನಿಯಲ್ಲಿ ಸುಮಾರು ಒಂದು ಲಕ್ಷ ಕೋಟಿ ವೈರಸ್ ಕಣಗಳಿರುತ್ತವೆ. ಒಂದೊಂದರ ಅಗಲ 25 ನ್ಯಾನೋಮೀಟರ್. ಒಂದೊಂದರೊಳಗೂ ನಾವು ಬರೆದು ತುಂಬಿಸಿದ ಒಂದು ಜೀನ್. ಹೀಗೆ ಜೀನ್ ಹೊತ್ತೊಯ್ಯುವ ವೈರಸ್ಸಿಗೆ ವೆಕ್ಟರ್ ಅನ್ನುತ್ತೇವೆ. ಹೆಸರು ಎಎವಿ-ಪಿಎಚ್‌ಪಿ.ಇಬಿ. ಲ್ಯಾಬಿನಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ. 'ಇಬಿ ಇದೆಯಾ?' ಅಂದರೆ ಸಾಕು, ಫ್ರೀಜರ್ ಬಾಗಿಲು ತೆರೆಯುತ್ತದೆ.

ಇದರ ಕೆಲಸ ಒಂದೇ. ರಕ್ತನಾಳಕ್ಕೆ ಚುಚ್ಚಿದರೆ ರಕ್ತದಿಂದ ಮಿದುಳಿಗೆ ದಾಟಿ, ನರಕೋಶಗಳಿಗೆ ಆ ಜೀನ್ ತಲುಪಿಸುವುದು. ಕೇಳಲು ಸುಲಭ ಅನಿಸುತ್ತೆ, ಅಲ್ವಾ? ಮಿದುಳಿನ ಕೆಲಸ ಮಾಡುವವರನ್ನು ಕೇಳಿ ನೋಡಿ.

ದೇಹದ ಬೇರೆ ಕಡೆ ಸಣ್ಣ ರಕ್ತನಾಳಗಳ ಗೋಡೆ ಸ್ವಲ್ಪ ಸಡಿಲ. ಮಿದುಳಿನಲ್ಲಿ ಹಾಗಲ್ಲ. ಅಲ್ಲಿ ಗೋಡೆಯ ಕೋಶಗಳು ಒಂದಕ್ಕೊಂದು ಹೊಲಿದ ಹಾಗೆ ಅಂಟಿಕೊಂಡಿರುತ್ತವೆ. 1885ರಲ್ಲಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿದಾಗ ಎಲ್ಲ ಅಂಗಕ್ಕೂ ಬಣ್ಣ ಹತ್ತಿತು, ಮಿದುಳಿಗೆ ಮಾತ್ರ ಹತ್ತಲಿಲ್ಲ. ಮಿದುಳಿಗೆ ಆ ಬಣ್ಣ ಇಷ್ಟವಿಲ್ಲ, ಅಷ್ಟೇ ಅಂತ ಅವರು ಅಂದುಕೊಂಡಿದ್ದರು. 1913ರಲ್ಲಿ ಅವರ ಶಿಷ್ಯ ಗೋಲ್ಡ್‌ಮನ್ ಬಣ್ಣವನ್ನು ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವಕ್ಕೇ ಹಾಕಿದರು. ಈ ಸಲ ಮಿದುಳಿಗೆ ಚೆನ್ನಾಗಿಯೇ ಬಣ್ಣ ಹತ್ತಿತು. ಅಂದರೆ ನಡುವೆ ಏನೋ ತಡೆ ಇದೆ. ಆ ತಡೆ ರಕ್ತನಾಳದ ಗೋಡೆಯ ಕೋಶಗಳ ಬಿಗಿ ಬೆಸುಗೆಯಲ್ಲಿದೆ ಅಂತ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡದ್ದು 1967ರಲ್ಲಿ, ರೀಸ್ ಮತ್ತು ಕಾರ್ನೋವ್‌ಸ್ಕಿ ಅವರಿಗೆ. ಸಣ್ಣ ಸಣ್ಣ ಔಷಧದ ಅಣುಗಳಲ್ಲೇ ಬಹುಪಾಲು ಈ ಗೋಡೆ ದಾಟುವುದಿಲ್ಲ. ಇನ್ನು ಇಡೀ ವೈರಸ್ ದಾಟಬೇಕು ಅಂದರೆ!

ಇಬಿ ಬರುವ ಮೊದಲು ನಾನು ಮಾಡುತ್ತಿದ್ದದ್ದು ಡ್ರಿಲ್ ಕೆಲಸ. ಇಲಿಯ ತಲೆಯನ್ನು ಲೋಹದ ಚೌಕಟ್ಟಿಗೆ ಸಿಕ್ಕಿಸಿ, ಬುರುಡೆಯಲ್ಲಿ ಸಾಸಿವೆ ಕಾಳಿನಷ್ಟು ತೂತು ಕೊರೆದು, ಗಾಜಿನ ಸೂಜಿಯನ್ನು ನಿಧಾನಕ್ಕೆ ಇಳಿಸುವುದು. ಒಂದು ಇಲಿಗೆ ಒಂದು ಗಂಟೆ. ಅಷ್ಟೆಲ್ಲ ಮಾಡಿದ ಮೇಲೆ ಸೂಜಿಯ ತುದಿಯ ಸುತ್ತ ಒಂದೆರಡು ಮಿಲಿಮೀಟರ್ ಜಾಗಕ್ಕೆ ಮಾತ್ರ ಜೀನ್ ಸೇರುತ್ತಿತ್ತು. ಒಂದು ನಿರ್ದಿಷ್ಟ ಜಾಗ ಸಾಕು ಅನ್ನುವವರಿಗೆ ಈಗಲೂ ಅದೇ ಸರಿ. ನಾನು ಕೆಲಸ ಮಾಡುವುದು ಇಡೀ ಮಿದುಳನ್ನು ಹಿಡಿಯುವ ಕಾಯಿಲೆಯ ಮೇಲೆ. ತೋಟಕ್ಕೆಲ್ಲ ನೀರು ಬೇಕಾದಾಗ ಒಂದು ಗಿಡದ ಬುಡಕ್ಕೆ ಚೊಂಬು ಬಗ್ಗಿಸಿದ ಹಾಗೆ ಆಗುತ್ತಿತ್ತು.

ವಸ್ತುವಿನ ಹಿನ್ನೆಲೆ ಸ್ವಲ್ಪ ಹೇಳಬೇಕು. ಮುಂದೆ ನನಗಾದ ಪೇಚಿಗೆ ಅದೇ ಕಾರಣ.

ಎಎವಿ ಅನ್ನುವುದು ಪ್ರಕೃತಿಯಲ್ಲೇ ಇರುವ ಪುಟ್ಟ ವೈರಸ್. ಇದು ತಾನೊಂದೇ ಮನುಷ್ಯರಿಗೆ ಕಾಯಿಲೆ ತರುವುದಾಗಿ ಖಚಿತವಾಗಿಲ್ಲ. ಅದರ ಹೊರಚಿಪ್ಪಿಗೆ ಕ್ಯಾಪ್ಸಿಡ್ ಅನ್ನುತ್ತೇವೆ. 60 ಪ್ರೋಟೀನು ತುಂಡುಗಳು ಸೇರಿ ಆದ ಚಿಪ್ಪು. ಅದರಲ್ಲಿ ಒಂಬತ್ತನೇ ಬಗೆ, ಎಎವಿ9, ತಾನಾಗಿಯೇ ಸ್ವಲ್ಪ ಮಟ್ಟಿಗೆ ಮಿದುಳಿಗೆ ದಾಟುತ್ತದೆ ಅಂತ 2009ರಲ್ಲಿ ಗೊತ್ತಾಯಿತು. ಆಗಷ್ಟೇ ಹುಟ್ಟಿದ ಇಲಿಮರಿಗೆ ಕೊಟ್ಟರೆ ನರಕೋಶಗಳಿಗೆ ಸೇರುತ್ತಿತ್ತು. ದೊಡ್ಡ ಇಲಿಗೆ ಕೊಟ್ಟರೆ ಹೆಚ್ಚಾಗಿ ಆಸ್ಟ್ರೋಸೈಟುಗಳಿಗೆ, ಅಂದರೆ ನರಕೋಶಗಳಿಗೆ ನೆರವಾಗುವ ಕೋಶಗಳಿಗೆ, ಹೋಗುತ್ತಿತ್ತು. ಎಸ್‌ಎಂಎ ಅನ್ನುವ, ಸ್ನಾಯು ಸೊರಗಿಸುವ ನರದ ಕಾಯಿಲೆಯ ಮಕ್ಕಳಿಗೆ ಕೊಡುವ ಜೋಲ್ಗೆನ್ಸ್ಮಾ ಇದೇ ಎಎವಿ9. 2019ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಡೋಸ್ ಎಷ್ಟು ಗೊತ್ತಾ? ಒಂದು ಕಿಲೋ ತೂಕಕ್ಕೆ 110 ಲಕ್ಷ ಕೋಟಿ ಕಣ. ದಾಟುವವು ಕಡಿಮೆ, ಹಾಗಾಗಿ ಸುರಿಯುವುದು ಜಾಸ್ತಿ.

ಕ್ಯಾಲ್ಟೆಕ್‌ನಲ್ಲಿ ಬೆಂಜಮಿನ್ ಡೆವರ್‌ಮನ್, ವಿವಿಯಾನಾ ಗ್ರಾದಿನಾರು ಮತ್ತು ಜೊತೆಗಾರರು ಇದಕ್ಕೊಂದು ದಾರಿ ಹುಡುಕಿದರು. ಎಎವಿ9 ಚಿಪ್ಪಿನ ಮೇಲೆ 588ನೇ ಸ್ಥಾನದ ಪಕ್ಕ ಏಳು ಅಮೈನೋ ಆಮ್ಲಗಳ ತುಣುಕು ಸಿಕ್ಕಿಸಿದರು. ಯಾವ ಏಳು? ಯಾವುದಾದರೂ ಸರಿ. ಲಕ್ಷಗಟ್ಟಲೆ ಬೇರೆ ಬೇರೆ ತುಣುಕುಗಳ ವೈರಸ್ಸುಗಳನ್ನು ಒಟ್ಟಿಗೆ ಇಲಿಯ ರಕ್ತಕ್ಕೆ ಬಿಟ್ಟರು. ಆಮೇಲೆ ಮಿದುಳಿನ ಕೋಶದೊಳಗೆ ನಿಜಕ್ಕೂ ಸೇರಿದವುಗಳನ್ನು ಮಾತ್ರ ಹೆಕ್ಕಿದರು. ಸೇರಿತೋ ಇಲ್ಲವೋ ತಿಳಿಯಲು ಒಂದು ಜಾಣ ಉಪಾಯ ಇತ್ತು. ಆ ಇಲಿಗಳ ಕೆಲವು ಮಿದುಳು ಕೋಶಗಳಲ್ಲಷ್ಟೇ ಕ್ರೇ ಅನ್ನುವ ಕಿಣ್ವ ಇರುತ್ತಿತ್ತು. ಆ ಕಿಣ್ವ ವೈರಸ್ಸಿನ ಡಿಎನ್‌ಎಯ ಒಂದು ತುಂಡನ್ನು ತಿರುವಿ ಹಾಕುತ್ತದೆ. ತಿರುವಿದ್ದು ಸಿಕ್ಕರೆ ಅದು ಪಾಸ್. ಹೀಗೆ ಗೆದ್ದದ್ದು ಪಿಎಚ್‌ಪಿ.ಬಿ. ಸುದ್ದಿ ಹೊರಬಂದದ್ದು 2016ರಲ್ಲಿ. ಎಎವಿ9ಕ್ಕಿಂತ ಕಡಿಮೆ ಅಂದರೂ 40 ಪಟ್ಟು ಜಾಸ್ತಿ ಮಿದುಳಿಗೆ ಸೇರುತ್ತದೆ ಅಂತ ಲೆಕ್ಕ. ಮರುವರ್ಷ ತುಣುಕಿನ ಪಕ್ಕದ ಎರಡು ಅಮೈನೋ ಆಮ್ಲ ಬದಲಿಸಿ ಇನ್ನೂ ಚುರುಕಾದ 'ಇಬಿ' ತಂದರು. ಪಿಎಚ್‌ಪಿ ಅಂದರೆ ಅಲ್ಲಿನ ಪ್ರೊಫೆಸರ್ ಪಾಲ್ ಎಚ್. ಪ್ಯಾಟರ್‌ಸನ್ ಅವರ ಹೆಸರಿನ ಮೊದಲಕ್ಷರಗಳು. ಇದನ್ನು ವೆಬ್‌ಸೈಟ್ ಮಾಡುವ ಭಾಷೆ ಅಂದುಕೊಂಡು ಕಂಪ್ಯೂಟರ್ ವಿಭಾಗದವನೊಬ್ಬ ನಮ್ಮ ಸೆಮಿನಾರಿಗೆ ಬಂದು ಕೂತಿದ್ದ. ಪಾಪ, ಕೊನೇವರೆಗೂ ಇದ್ದ.

ತರಿಸುವುದು ಕಷ್ಟವಿಲ್ಲ. ಕ್ಯಾಪ್ಸಿಡ್ ತಯಾರಿಸುವ ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ ತುಂಡು) ಲ್ಯಾಬುಗಳಿಗೆ ಅವನ್ನು ಹಂಚುವ ಆಡ್‌ಜೀನ್‌ನಲ್ಲಿ ಸಿಗುತ್ತದೆ, ನಂಬರ್ 103005. ನೀವೇ ತಯಾರಿಸಿಕೊಳ್ಳಬಹುದು. ಕೋಶಗಳಿಗೆ ಮೂರು ಪ್ಲಾಸ್ಮಿಡ್ ಹಾಕಿ, ಕೆಲವು ದಿನ ಕಾದು, ಒಡೆದು, ಅಯೋಡಿಕ್ಸನಾಲ್ ಅನ್ನುವ ದಪ್ಪ ದ್ರವದ ಪದರಗಳ ಮೇಲೆ ಸುರಿದು, ಅಲ್ಟ್ರಾಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, 40 ಮತ್ತು 60 ಶೇಕಡಾ ಪದರಗಳು ಸೇರುವ ಕಡೆ ಸೂಜಿ ಚುಚ್ಚಿ ಎಳೆಯಬೇಕು. ನಾನು ಎರಡು ಸಲ ಮಾಡಿದೆ. ಮೊದಲ ಸಲ ಸೂಜಿ ಟ್ಯೂಬಿನ ಆಚೆ ಬದಿಯಿಂದ ಹೊರಬಂತು. ವಾರದ ಕೆಲಸ ಟಿಶ್ಯೂ ಪೇಪರಿಗೆ. ಆಮೇಲಿಂದ ವೈರಸ್ ತಯಾರಿಸಿಕೊಡುವ ಘಟಕವಾದ ವೆಕ್ಟರ್ ಕೋರ್‌ನವರಿಗೆ ಹಣ ಕೊಟ್ಟು ಮಾಡಿಸಿಕೊಳ್ಳುತ್ತೇನೆ. ಅವರ ಬಗ್ಗೆ ನನ್ನ ತಕರಾರು ಬೇರೆ ಇದೆ, ಮುಂದೆ ಹೇಳುತ್ತೇನೆ.

ಚುಚ್ಚುವ ದಿನ ಈ ವಸ್ತು ತನ್ನ ಬೆಲೆ ತೋರಿಸುತ್ತದೆ. ಒಂದು ಇಲಿಗೆ ಬೇಕಾದದ್ದು ಹತ್ತು ಸಾವಿರ ಕೋಟಿ ಕಣ, ಅಂದರೆ ಟ್ಯೂಬಿನಿಂದ 10 ಮೈಕ್ರೋಲೀಟರ್. ಅದಕ್ಕೆ 90 ಮೈಕ್ರೋಲೀಟರ್ ಸಲೈನ್ ಸೇರಿಸಿ ನೂರು ಮಾಡಿಕೊಳ್ಳುತ್ತೇನೆ. ಇನ್ಸುಲಿನ್ ಸಿರಿಂಜು ಸಾಕು. ಇಲಿಗೆ ಮಂಪರು ಬರಿಸುವ ಗಾಳಿ ಕೊಟ್ಟು, ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಕಣ್ಣುಗುಡ್ಡೆಯ ಹಿಂದಿರುವ ರಕ್ತನಾಳಗಳ ಗುಚ್ಛಕ್ಕೆ ಸೂಜಿ ತುದಿ ಮುಟ್ಟಿಸಿ ನಿಧಾನಕ್ಕೆ ಒತ್ತುತ್ತೇನೆ. ಓದುವಾಗ ಮೈ ಝುಂ ಅನ್ನಬಹುದು. ಬಾಲದ ರಕ್ತನಾಳಕ್ಕೆ ಮೂರು ಸಲ ಚುಚ್ಚಿ ತಪ್ಪಿಸಿಕೊಳ್ಳುವುದಕ್ಕಿಂತ ಇಲಿಗೂ ಇದೇ ಹಗುರ. ಒಂದೆರಡು ನಿಮಿಷಕ್ಕೆ ಎದ್ದು ಮೀಸೆ ಒರೆಸಿಕೊಳ್ಳುತ್ತಾ ಕೂರುತ್ತದೆ. ಡ್ರಿಲ್ ಇಲ್ಲ, ಹೊಲಿಗೆ ಇಲ್ಲ. ಬೆಳಗ್ಗೆ ಶುರು ಮಾಡಿದರೆ ಹತ್ತು ಇಲಿ ಊಟದ ಹೊತ್ತಿಗೆ ಮುಗಿಯುತ್ತದೆ.

ಹತ್ತು ಅಂದೆ, ನಿಜವಾಗಿ ಒಂಬತ್ತು. ಲೆಕ್ಕದ ಪ್ರಕಾರ ಒಂದು ಟ್ಯೂಬಿಗೆ ಹತ್ತು ಇಲಿ. ಆದರೆ ಟ್ಯೂಬಿನ ಗೋಡೆಗೆ, ಟಿಪ್ಪಿಗೆ, ಸಿರಿಂಜಿನ ಮೂತಿಗೆ ಅಂಟಿ ಹೋಗುವುದು ಹತ್ತನೇ ಇಲಿಯ ಪಾಲು. ಈ ವೈರಸ್ಸಿಗೆ ಪ್ಲಾಸ್ಟಿಕ್ ಅಂದರೆ ಪ್ರೀತಿ ಜಾಸ್ತಿ. ದ್ರವದಲ್ಲಿ ಪ್ಲೂರೋನಿಕ್ ಎಫ್-68 ಅನ್ನುವ ಸೋಪಿನಂಥದ್ದನ್ನು ಒಂದು ಚೂರು, 0.001 ಶೇಕಡಾ, ಹಾಕಿದ್ದರೆ ಅಂಟುವುದು ಕಡಿಮೆ. ಹಾಕಿದ್ದಾರಾ ಅಂತ ಕೇಳಿಯೇ ತರಿಸಿ.

ಆಮೇಲೆ ಮೂರು ವಾರ ಕಾಯುವುದು. ಕೋಶದೊಳಗೆ ಸೇರಿದ ಒಂಟಿ ಎಳೆಯ ಡಿಎನ್‌ಎ ಜೋಡಿ ಎಳೆ ಆಗಬೇಕು, ಅದರಿಂದ ಪ್ರೋಟೀನು ಬರಬೇಕು. ಅವಸರ ಮಾಡಿದರೆ ಮಂಕಾಗಿ ಕಾಣುತ್ತದೆ.

ನನ್ನ ಮೊದಲ ಮಿದುಳು ನೆನಪಿದೆ. ಹಸಿರು ಹೊಳೆಯುವ ಜಿಎಫ್‌ಪಿ ಜೀನ್ ಹಾಕಿದ್ದೆ, ಸುಮ್ನೆ ಪರೀಕ್ಷೆಗೆ. ಮಿದುಳಿನ ತೆಳು ಹೋಳು (ಸೆಕ್ಷನ್) ಸ್ಲೈಡಿನ ಮೇಲೆ ಹರಡಿ, ಕೋಣೆ ದೀಪ ಆರಿಸಿ, ಕಡಿಮೆ ಝೂಮಿನಲ್ಲಿ ನೋಡಿದೆ. ಇಡೀ ಮಿದುಳಿನ ಆಕಾರ ಹಸಿರಾಗಿ ಎದ್ದಿತ್ತು. ಮೇಲ್ಪದರದ ಕಾರ್ಟೆಕ್ಸ್, ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್, ಕೆಳಗೆ ಮಿದುಳು ಕಾಂಡ, ಎಲ್ಲ. ಹಿಂದಿನ ಕಿರುಮಿದುಳು, ಸೆರೆಬೆಲ್ಲಮ್ ಕಡೆ ಸರಿಸಿದೆ. ಅಲ್ಲಿನ ದೊಡ್ಡ ನರಕೋಶಗಳಾದ ಪುರ್ಕಿಂಜೆ ಕೋಶಗಳು ಒಂದೇ ಸಾಲಿನಲ್ಲಿ ನಿಂತು, ಬೀಸಣಿಗೆ ಬಿಚ್ಚಿದ ಹಾಗೆ ಕೊಂಬೆ ಚಾಚಿದ್ದವು. ಒಂದೊಂದು ಕೊಂಬೆ ಎಣಿಸಬಹುದಿತ್ತು. ಇಬಿ ತಂಡದ 2017ರ ವರದಿಯಲ್ಲಿ ಇದೇ ಡೋಸಿಗೆ ಕಾರ್ಟೆಕ್ಸಿನ 69 ಶೇಕಡಾ, ಮಿದುಳಿನಾಳದ ಸ್ಟ್ರಯಾಟಮ್ಮಿನ 55 ಶೇಕಡಾ ನರಕೋಶಗಳಿಗೆ ಜೀನ್ ಸೇರಿತ್ತು ಅಂತ ಇದೆ. ಓದಿದಾಗ ಸ್ವಲ್ಪ ಉತ್ಪ್ರೇಕ್ಷೆ ಅಂದುಕೊಂಡಿದ್ದೆ. ಕಾರ್ಟೆಕ್ಸಿನಲ್ಲಿ ಎಣಿಸಿ ನೋಡಿದೆ. ಹತ್ತಕ್ಕೆ ಆರೇಳು ಹಸಿರು. ತಲೆಬುರುಡೆಗೆ ಒಂದು ಗೀರೂ ಬೀಳದೆ!

ಆವತ್ತು ಯಾರಾದರೂ ಕೇಳಿದ್ದರೆ ಐದಕ್ಕೆ ಆರು ಸ್ಟಾರ್ ಕೊಡುತ್ತಿದ್ದೆ.

ಕತ್ತಲೆ ಮಿದುಳು ಬಂದದ್ದು ಆರು ತಿಂಗಳ ನಂತರ. ಕಾಯಿಲೆ ಇರುವ ಇಲಿಗಳು ಬೇರೊಂದು ಲ್ಯಾಬಿನಿಂದ ಬಂದಿದ್ದವು. ಹನ್ನೆರಡು ಇಲಿ. ಅದೇ ಇಬಿ, ಅದೇ ಸಿರಿಂಜು, ಅದೇ ಕೈ. ಹಸಿರು ಗುರುತಿನ ಜೊತೆ ನಿಜವಾದ ಜೀನ್ ಹಾಕಿದ್ದೆವು. ಮೂರು ವಾರ ಆಯಿತು. ನಮ್ಮ ಲ್ಯಾಬಿನ ಹುಡುಗ ಸೆಕ್ಷನ್ ಮಾಡಿ ಮೈಕ್ರೋಸ್ಕೋಪ್ ಮುಂದೆ ಕೂತ. ನಾನು ಪಕ್ಕದ ಕೋಣೆಯಲ್ಲಿದ್ದೆ.

"ಅಕ್ಕಾ, ಲ್ಯಾಂಪ್ ಹೋಗಿದೆ ಅನ್ಸುತ್ತೆ. ಸ್ವಲ್ಪ ಬನ್ನಿ."

ಲ್ಯಾಂಪ್ ಸರಿಯಾಗಿತ್ತು. ಹಳೇ ಸ್ಲೈಡ್ ಇಟ್ಟೆ, ಹಸಿರು ಝಗ್ ಅಂತು. ಹೊಸದು ಇಟ್ಟೆ, ಕಪ್ಪು. ಬೆಳಕು ಜಾಸ್ತಿ ಮಾಡಿದರೆ ಅಲ್ಲೊಂದು ಇಲ್ಲೊಂದು ಕೋಶ, ಮೋಡದ ರಾತ್ರಿಯ ನಕ್ಷತ್ರದ ಹಾಗೆ. ಎರಡನೇ ಇಲಿ, ಮೂರನೇ ಇಲಿ, ಹಾಗೇ. ಅವನ ಮುಖ ಸಣ್ಣದಾಯಿತು. "ನಾನೇ ಏನಾದ್ರೂ ತಪ್ಪು ಮಾಡಿದ್ನಾ ಅಕ್ಕಾ?" ಅಂದ. "ಚುಚ್ಚಿದ್ದು ನಾನು ಕಣೋ, ನೀನು ಯಾಕೆ ಹೆದರ್ತೀಯ?" ಅಂದೆ. ನನಗೂ ಒಳಗೆ ಹೆದರಿಕೆಯೇ. ಲಿವರ್ ತೆಗೆದಿಟ್ಟಿದ್ದೆವು. ಅದನ್ನು ಕತ್ತರಿಸಿ ನೋಡಿದರೆ ತುಂಬಾ ಹಸಿರು. ಅಂದರೆ ವೈರಸ್ ಸತ್ತಿಲ್ಲ. ಚುಚ್ಚಿದ್ದೂ ಸರಿ. ರಕ್ತಕ್ಕೆ ಹೋಗಿದೆ, ಲಿವರಿಗೆ ಸೇರಿದೆ. ಮಿದುಳಿನ ಬಾಗಿಲು ಮಾತ್ರ ತೆರೆದಿಲ್ಲ.

ಪ್ರಾಣಿ ಕೋಣೆಗೆ ಹೋಗಿ ಉಳಿದ ಇಲಿಗಳ ಕೇಜ್ ಕಾರ್ಡ್ ಓದಿದೆ. ತಳಿ: ಬ್ಯಾಲ್ಬ್-ಸಿ. ಮೊದಲ ಇಲಿಗಳು ಸಿ57ಬಿಎಲ್/6ಜೆ, ಎಲ್ಲರೂ ಬ್ಲ್ಯಾಕ್-6 ಅನ್ನುವ ಕಪ್ಪಿಲಿ. ಇವು ಬಿಳಿ. ಹನ್ನೆರಡು ಬಿಳಿ ಇಲಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಕೆಂಪು ಕಣ್ಣಿನ ಹಿಂದೆ ಚುಚ್ಚಿದವರು ನಾನೇ. ಬಿಳಿ ಅಂತ ಕಂಡಿತ್ತು. ಅದಕ್ಕೊಂದು ಅರ್ಥ ಇದೆ ಅಂತ ಹೊಳೆದಿರಲಿಲ್ಲ.

ವಿಷಯ ಆಗಲೇ ಗೊತ್ತಿರುವುದೇ. ಪಿಎಚ್‌ಪಿ.ಬಿಯ ಮಿದುಳು ದಾಟುವ ಗುಣ ಬ್ಲ್ಯಾಕ್-6 ಇಲಿಗೆ ಸೀಮಿತ, ಬ್ಯಾಲ್ಬ್-ಸಿಯಲ್ಲಿ ನಡೆಯುವುದಿಲ್ಲ, ರೀಸಸ್ ಕೋತಿಯಲ್ಲೂ ನಡೆಯುವುದಿಲ್ಲ ಅಂತ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2018ರಲ್ಲೇ ಹೇಳಿದ್ದರು. ನಾನು 2016 ಮತ್ತು 2017ರ ಸಿಹಿ ಸುದ್ದಿ ಓದಿ ಪುಸ್ತಕ ಮುಚ್ಚಿದ್ದೆ.

ಕಾರಣ ಇನ್ನೂ ಸೊಗಸಾಗಿದೆ. 2019ರಲ್ಲಿ ಡೆವರ್‌ಮನ್ ತಂಡವೂ ಪೆನ್ಸಿಲ್ವೇನಿಯಾದವರೂ ಬೇರೆ ಬೇರೆಯಾಗಿ ಅದೇ ಉತ್ತರಕ್ಕೆ ಬಂದರು. ವೈರಸ್ ಗೋಡೆಯ ಬಿರುಕಿನಿಂದ ನುಸುಳುವುದಿಲ್ಲ. ಮಿದುಳಿನ ರಕ್ತನಾಳದ ಕೋಶಗಳ ಮೇಲ್ಮೈಯಲ್ಲಿ ಎಲ್‌ವೈ6ಎ ಅನ್ನುವ ಪ್ರೋಟೀನು ಇರುತ್ತದೆ. ಚಿಪ್ಪಿಗೆ ಸಿಕ್ಕಿಸಿದ ಆ ಏಳರ ತುಣುಕು ಇದನ್ನು ಹಿಡಿದುಕೊಳ್ಳುತ್ತದೆ. ಕೋಶ ಅದನ್ನು ಒಳಗೆ ಎಳೆದುಕೊಂಡು ಆಚೆ ಬದಿಗೆ, ಮಿದುಳಿನ ಕಡೆಗೆ, ಬಿಡುತ್ತದೆ. ಬ್ಯಾಲ್ಬ್-ಸಿಯಲ್ಲೂ ಈ ಜೀನ್ ಇದೆ. ಆದರೆ ಅಕ್ಷರಗಳಲ್ಲಿ ಸಣ್ಣ ವ್ಯತ್ಯಾಸ. ಅಷ್ಟಕ್ಕೇ ಕೈ ಹಿಡಿಯುವುದಿಲ್ಲ. ಸಿ3ಎಚ್, ಸಿಬಿಎ ತಳಿಗಳಲ್ಲೂ ಇದೇ ಕಥೆ. ಹಾಗಂತ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಎಫ್‌ವಿಬಿ ಇಲಿಯೂ ಬಿಳಿಯೇ, ಅದರಲ್ಲಿ ಇಬಿ ಚೆನ್ನಾಗಿ ನಡೆಯುತ್ತದೆ.

ಈಗ ಹಿಂದಕ್ಕೆ ಹೋಗಿ ಆ ಲಕ್ಷಗಟ್ಟಲೆ ತುಣುಕುಗಳ ಪರೀಕ್ಷೆ ನೆನಪಿಸಿಕೊಳ್ಳಿ. ಪರೀಕ್ಷೆ ನಡೆದದ್ದು ಬ್ಲ್ಯಾಕ್-6 ಹಿನ್ನೆಲೆಯ ಇಲಿಗಳಲ್ಲಿ. ಅಲ್ಲಿ ಯಾವ ಬಾಗಿಲು ಇತ್ತೋ ಅದರ ಕೀಲಿ ಗೆದ್ದಿತು. ಯಾರೂ ಮೋಸ ಮಾಡಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ ಬಂದಿದೆ. ನಾವು ಟ್ಯೂಬಿನ ಮೇಲೆ 'ಮಿದುಳಿಗೆ ದಾಟುತ್ತದೆ' ಅಂತ ಓದುತ್ತೇವೆ. ಅಲ್ಲಿ ಬರೆದಿರಬೇಕಾದದ್ದು 'ಎಲ್‌ವೈ6ಎ ಇದ್ದರೆ ದಾಟುತ್ತದೆ'. ಮನುಷ್ಯರಲ್ಲಿ ಈ ಪ್ರೋಟೀನು ಇಲ್ಲವೇ ಇಲ್ಲ. ನಮ್ಮ ಸಂಬಂಧಿಕರೊಬ್ಬರು ಫೋನ್ ಮಾಡಿ, "ನೀನು ಮಾಡ್ತಿರೋ ಇಂಜೆಕ್ಷನ್ ನಮ್ಮ ಮಗುಗೆ ಆಗುತ್ತಾ?" ಅಂತ ಕೇಳಿದ್ದರು. ಇಲ್ಲ ಅಂತ ಹೇಳಲು ನಾಲಗೆ ಏಳಲಿಲ್ಲ, ಆದರೂ ಹೇಳಿದೆ. ಇದು ಇಲಿಯ ಔಷಧ. ಅದೂ ಕೆಲವು ಇಲಿಗಳದ್ದು.

ಇನ್ನು ಸಣ್ಣಪುಟ್ಟ ಕೊರತೆಗಳು. ಒಳಗೆ ಹಿಡಿಸುವುದು ಸುಮಾರು 4,700 ಅಕ್ಷರಗಳ ಡಿಎನ್‌ಎ ಮಾತ್ರ. ಜೀನನ್ನು ಶುರು ಮಾಡಿಸುವ ಪ್ರೊಮೋಟರ್, ಜೀನಿನ ಕೊನೆಯ ಬಾಲ ಎಲ್ಲ ಅದರೊಳಗೇ ಬರಬೇಕು. ರೆಟ್ ಅನ್ನುವ ಮಿದುಳಿನ ಬೆಳವಣಿಗೆಯ ಕಾಯಿಲೆಯ ಜೀನ್ ಎಂಇಸಿಪಿ2 ಆರಾಮಾಗಿ ಕೂರುತ್ತದೆ. ಡ್ರಾವೆ ಅನ್ನುವ ಮೂರ್ಛೆ ಕಾಯಿಲೆಯ ಜೀನ್ ಎಸ್‌ಸಿಎನ್1ಎ ಸುಮಾರು 6,000 ಅಕ್ಷರ, ಕೂರುವುದೇ ಇಲ್ಲ. ಇದು ಇಬಿಯೊಬ್ಬನ ತಪ್ಪಲ್ಲ, ಎಎವಿ ಮನೆತನಕ್ಕೇ ಇರುವ ಮಿತಿ. ಎರಡನೇ ಸಲ ಕೊಡುವ ಹಾಗಿಲ್ಲ, ಮೊದಲ ಸಲಕ್ಕೇ ದೇಹ ಪ್ರತಿಕಾಯ ಕಟ್ಟಿಕೊಂಡಿರುತ್ತದೆ. ಲಿವರಿಗೆ ಹೋಗುವುದೂ ನಿಂತಿಲ್ಲ. ಅದಕ್ಕೊಂದು ಉಪಾಯ ಇದೆ. ಲಿವರ್ ಕೋಶಗಳಲ್ಲಿ ಮಿರ್-122 ಅನ್ನುವ ಪುಟ್ಟ ಆರ್‌ಎನ್‌ಎ ಧಾರಾಳವಾಗಿರುತ್ತದೆ. ಅದು ಕಚ್ಚುವಂಥ ಗುರುತನ್ನು ಜೀನಿನ ಬಾಲಕ್ಕೆ ಸೇರಿಸಿದರೆ, ಲಿವರಿನಲ್ಲಿ ಆ ಜೀನ್ ಬಾಯಿ ಮುಚ್ಚಿಕೊಂಡಿರುತ್ತದೆ. ನಾನು ಈಗ ಪ್ರತಿ ವೆಕ್ಟರಿಗೂ ಸೇರಿಸುತ್ತೇನೆ. ಖಾಲಿ ಜಾಗದಲ್ಲಿ ನೂರು ಅಕ್ಷರದಷ್ಟು ಹೋಗುತ್ತೆ, ಹೋಗಲಿ. ಲಿವರ್ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಜೋಲ್ಗೆನ್ಸ್ಮಾ ಮಾಹಿತಿ ಪತ್ರದ ದೊಡ್ಡ ಎಚ್ಚರಿಕೆ ಲಿವರಿನದ್ದೇ. ಮಕ್ಕಳಿಗೆ ಹಿಂದಿನ ದಿನದಿಂದಲೇ ಸ್ಟೀರಾಯ್ಡ್ ಶುರು ಮಾಡುತ್ತಾರೆ.

ಡೋಸಿನ ಲೆಕ್ಕದಲ್ಲಿ ಇಬಿ ನಿಜಕ್ಕೂ ಗೆಲ್ಲುತ್ತದೆ. 25 ಗ್ರಾಂ ಇಲಿಗೆ ಹತ್ತು ಸಾವಿರ ಕೋಟಿ ಅಂದರೆ ಕಿಲೋಗೆ 4 ಲಕ್ಷ ಕೋಟಿ. ಮಕ್ಕಳಿಗೆ ಕೊಡುವ 110 ಲಕ್ಷ ಕೋಟಿಯ ಪಕ್ಕ ಇಟ್ಟು ನೋಡಿ. ಹೊಂದುವ ಕೀಲಿ ಇದ್ದರೆ ಎಷ್ಟು ಕಡಿಮೆಯಲ್ಲಿ ಕೆಲಸ ಆಗುತ್ತದೆ ಅನ್ನುವುದಕ್ಕೆ ಈ ಎರಡು ಸಂಖ್ಯೆ ಸಾಕು.

ಬೇರೆ ದಾರಿಗಳನ್ನೂ ನೋಡಿದ್ದೇನೆ. ಲಿಪಿಡ್ ನ್ಯಾನೋಕಣಗಳಲ್ಲಿ ಆರ್‌ಎನ್‌ಎ ತುಂಬಿ ರಕ್ತಕ್ಕೆ ಬಿಟ್ಟರೆ ಅವು ನೆಟ್ಟಗೆ ಲಿವರಿಗೆ ಹೋಗಿ ಕೂರುತ್ತವೆ. ರಕ್ತದ ಅಪೋ-ಇ ಪ್ರೋಟೀನು ಅವುಗಳಿಗೆ ಅಂಟಿ, ಲಿವರ್ ಅದನ್ನು ಕರೆದುಕೊಳ್ಳುತ್ತದೆ. ಮೈಕ್ರೋಗುಳ್ಳೆಗಳನ್ನು ರಕ್ತಕ್ಕೆ ಬಿಟ್ಟು ಅಲ್ಟ್ರಾಸೌಂಡ್ ಹಾಯಿಸಿದರೆ ಗೋಡೆ ಕೆಲವು ಗಂಟೆ ಸಡಿಲವಾಗುತ್ತದೆ. ಯಾವ ತಳಿಯಾದರೂ ನಡೆಯುತ್ತದೆ ಅನ್ನುವುದು ಅದರ ದೊಡ್ಡ ಗುಣ. ಆದರೆ ಕಿರಣ ಬಿದ್ದ ಜಾಗಕ್ಕೆ ಮಾತ್ರ. ಎಸ್‌ಎಂಎಗೇ ಕೊಡುವ ನುಸಿನರ್ಸೆನ್ ಥರದ ಔಷಧವನ್ನು ಬೆನ್ನುಮೂಳೆಯ ನಡುವೆ ಚುಚ್ಚಿ ಗೋಡೆಯನ್ನೇ ಸುತ್ತಿಕೊಂಡು ಹೋಗುತ್ತಾರೆ. ನಾಲ್ಕು ತಿಂಗಳಿಗೊಮ್ಮೆ ಮತ್ತೆ ಚುಚ್ಚಬೇಕು. ಎಎಡಿಸಿ ಅನ್ನುವ ಕಿಣ್ವದ ಕೊರತೆಯ ಮಕ್ಕಳಿಗೆ ಕೊಡುವ ಜೀನ್ ಔಷಧಕ್ಕೆ ಯುರೋಪಿನಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಇವತ್ತಿಗೂ ಬುರುಡೆ ಕೊರೆದೇ ಹಾಕುತ್ತಾರೆ. ನನ್ನ ಹಳೇ ಡ್ರಿಲ್ಲಿಗೆ ಮರ್ಯಾದೆ ಉಳಿದಿದೆ.

ಈಗ ವೆಕ್ಟರ್ ಕೋರ್ ತಕರಾರು. ಯಾವುದು ಅಂತ ಹೇಳುವುದಿಲ್ಲ, ಕೆಲಸ ಇನ್ನೂ ಅವರ ಹತ್ತಿರವೇ ಇದೆ. ಒಂದು ಸಲ ಬಂದ ಟ್ಯೂಬಿನ ಮೇಲೆ ಬರೆದ ಸಂಖ್ಯೆ ನಂಬಿ ಡೋಸ್ ಲೆಕ್ಕ ಹಾಕಿದೆ. ಮಿದುಳು ಮಂಕಾಗಿ ಬಂತು. ಈ ಸಲ ತಳಿ ಸರಿಯಾಗಿತ್ತು. ಉಳಿದ ಐದು ಮೈಕ್ರೋಲೀಟರನ್ನು ನಾವೇ ಅಳೆದೆವು. ಮೊದಲು ಕಿಣ್ವ ಹಾಕಿ ಹೊರಗೆ ತೇಲುವ ಡಿಎನ್‌ಎ ಕರಗಿಸಿ, ಆಮೇಲೆ ಚಿಪ್ಪು ಒಡೆದು ಒಳಗಿನದನ್ನು ಎಣಿಸುವ ವಿಧಾನ. ಬರೆದದ್ದರ ಐದರಲ್ಲಿ ಒಂದು ಪಾಲು ಬಂತು. ಅವರಿಗೆ ಬರೆದೆ. "ನಮ್ಮ ವಿಧಾನವೇ ಬೇರೆ" ಅಂತ ಉತ್ತರ. ಇದರಲ್ಲಿ ಸ್ವಲ್ಪ ನಿಜವೂ ಇದೆ. ಒಬ್ಬೊಬ್ಬರ ಅಳತೆಗೂ ಕೆಲವು ಪಟ್ಟು ವ್ಯತ್ಯಾಸ ಬರುತ್ತದೆ. ಆದರೆ ನನ್ನ ಇಲಿಗೆ ಅವರ ವಿಧಾನ ಗೊತ್ತಿಲ್ಲವಲ್ಲ! ಆಮೇಲಿಂದ ಯಾವ ಟ್ಯೂಬ್ ಬಂದರೂ ಮೊದಲು ನಮ್ಮ ಮೇಜಿನ ಮೇಲೆ ಅಳೆಯುತ್ತೇವೆ. ಪಾರ್ಸಲ್ ಬಂದಾಗ ಡ್ರೈ ಐಸ್ ಕರಗಿದ್ದರೆ ಗಾಬರಿ ಬೇಡ. ಎಎವಿ ಅಷ್ಟು ಸುಲಭಕ್ಕೆ ಕೆಡುವ ಜಾತಿಯಲ್ಲ. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸುವುದಷ್ಟೇ ತಪ್ಪು. ಬಂದ ದಿನವೇ ಸಣ್ಣ ಟ್ಯೂಬುಗಳಿಗೆ ಹಂಚಿಡಿ.

ಸ್ಟಾರ್ ಕೊಡುವುದಾದರೆ ನಾಲ್ಕು. ಬ್ಲ್ಯಾಕ್-6 ಇಲಿಯಲ್ಲಿ, ಇಡೀ ಮಿದುಳಿಗೆ, ಸಣ್ಣ ಜೀನ್ ಹಾಕಬೇಕು ಅನ್ನುವವರು ಕಣ್ಣು ಮುಚ್ಚಿ ತಗೊಳ್ಳಿ. ಬೇರೆ ತಳಿ ಇದ್ದರೆ ಎರಡು ಇಲಿಗೆ ಜಿಎಫ್‌ಪಿ ಹಾಕಿ ನೋಡಿ, ಆಮೇಲೆ ಹನ್ನೆರಡಕ್ಕೆ ಕೈ ಹಾಕಿ. ಮನುಷ್ಯರ ಔಷಧದ ಕಡೆಗೆ ಹೋಗುವ ಯೋಚನೆ ಇದ್ದರೆ ಇದನ್ನು ಬಿಟ್ಟುಬಿಡಿ. ನಮ್ಮ ಬ್ಯಾಲ್ಬ್-ಸಿ ಇಲಿಗಳನ್ನು ಬ್ಲ್ಯಾಕ್-6 ಜೊತೆ ಕೂಡಿಸಿದೆವು. ಮರಿಗಳಿಗೆ ಒಳ್ಳೆಯ ಎಲ್‌ವೈ6ಎಯ ಒಂದು ಪ್ರತಿ ಸಿಕ್ಕಿತು, ಮಿದುಳು ಮತ್ತೆ ಹಸಿರಾಯಿತು. ಅದಕ್ಕೆ ಹಿಡಿದ ಸಮಯ ಮಾತ್ರ ಕೇಳಬೇಡಿ.

ಈಗ ಫ್ರೀಜರಿನ ಮೇಲಿನ ಅರೆಯಲ್ಲಿ ಇನ್ನೊಂದು ಟ್ಯೂಬ್ ಇದೆ. ಡೆವರ್‌ಮನ್ ತಂಡದ್ದೇ ವಿನ್ಯಾಸ, 2024ರಲ್ಲಿ ಹೊರಬಂದದ್ದು, ಬಿಐ-ಎಚ್‌ಟಿಎಫ್‌ಆರ್1. ಈ ಸಲ ಅವರು ಇಲಿಯೊಳಗೆ ಬಿಟ್ಟು ಯಾವುದು ಗೆಲ್ಲುತ್ತೋ ನೋಡೋಣ ಅನ್ನಲಿಲ್ಲ. ಮೊದಲು ಬಾಗಿಲು ಆರಿಸಿದರು: ಮಿದುಳಿಗೆ ಕಬ್ಬಿಣ ಸಾಗಿಸುವ ಟ್ರಾನ್ಸ್‌ಫೆರಿನ್ ಗ್ರಾಹಕ (ರಿಸೆಪ್ಟರ್), ಅದೂ ಮನುಷ್ಯರದ್ದು. ಆಮೇಲೆ ಅದಕ್ಕೆ ಕೀಲಿ ಹುಡುಕಿದರು. ಮನುಷ್ಯರ ಆ ಗ್ರಾಹಕವನ್ನು ಕೂರಿಸಿದ ಇಲಿಗಳಲ್ಲಿ ಎಎವಿ9ಕ್ಕಿಂತ 40ರಿಂದ 50 ಪಟ್ಟು ಜಾಸ್ತಿ ಬಂದಿದೆ. ಸಾಮಾನ್ಯ ಇಲಿಗೆ ಹಾಕಿದರೆ ಈ ಲಾಭವಿಲ್ಲ. ಬ್ಲ್ಯಾಕ್-6 ಆದರೂ ಅಷ್ಟೇ.

ಮನುಷ್ಯರ ಗ್ರಾಹಕ ಕೂರಿಸಿದ ಇಲಿಗಳ ಮರಿಗಳು ಕಳೆದ ವಾರ ತಾಯಿಯಿಂದ ಬೇರೆಯಾದವು. ಎಲ್ಲ ಕಪ್ಪು. ಹುಡುಗ ಸಿರಿಂಜು, ಸಲೈನ್ ಎಲ್ಲ ಜೋಡಿಸಿಟ್ಟು "ಅಕ್ಕಾ, ಯಾವತ್ತು ಶುರು ಮಾಡೋಣ?" ಅಂದ. ಬಾಲದ ಚೂರುಗಳ ಡಿಎನ್‌ಎ ಜೆಲ್ ಇನ್ನೂ ಓಡುತ್ತಿತ್ತು. ಈಗ ಎಂಟು ಮರಿಗಳಲ್ಲಿ ಐದಕ್ಕೆ ಮನುಷ್ಯರ ಜೀನಿನ ಗೆರೆ ಬಂದಿದೆ. ಆ ಐದರ ಕೇಜ್ ಕಾರ್ಡಿಗೆ ಅವನೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ. ಚುಚ್ಚುವುದು ಸೋಮವಾರ.